ಗರಡಿ ಮಣ್ಣು ಅಗೆದ ಮೂರು ದಿನ

ಅವತ್ತು ಬೆಳಿಗ್ಗೆ ಎಂಟರೊಳಗೆ ಮಾಡಿ ಮುಗಿಸಿದ ಕೆಲಸಗಳು: ಬಾಗಿಲಿಗೆ ನೀರು ಹಾಕಿ ನಾಲ್ಕೆಳೆ ರಂಗೋಲಿ ಬಿಟ್ಟೆ. ಹಾಲು ಕಾಯಿಸಿದೆ. ನೆನೆಹಾಕಿದ್ದ ಬಾದಾಮಿಯ ಸಿಪ್ಪೆ ಸುಲಿದೆ. ಮಿಲ್ಲಿನ ಬಾಗಿಲು ತೆಗೆದು ಹಿಟ್ಟಿನ ಧೂಳು ಗುಡಿಸಿದೆ. ಮೊದಲು ಬಂದ ಹೆಂಗಸಿಗೆ ರಾಗಿ ಬೀಸಿಕೊಟ್ಟೆ. ಉಪ್ಪಿಟ್ಟು ಕೆದಕಿದೆ, ಉಪ್ಪು ಒಂದು ಚಿಟಿಕೆ ಕಮ್ಮಿಯಾಯಿತು, ಯಾರೂ ಹೇಳಲಿಲ್ಲ. ಮೂರು ದಿನದ ಕೊಳೆ ಬಟ್ಟೆಯನ್ನು ನೋಡದೆ ಮಾಡದೆ ಹಿತ್ತಲ ಬಕೆಟ್ಟಿಗೆ ತುರುಕಿ, ಸೋಪಿನ ಪುಡಿ ಉದುರಿಸಿ ನೆನೆಹಾಕಿದೆ. ಹಳೆಯ ರಿಪೋರ್ಟುಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು, ಮೈದುನನನ್ನು ಹೊರಡಿಸಿ, ಮೈಸೂರಿನ ಬಸ್ಸು ಹತ್ತಿದೆ.

ನಮ್ಮದು ಶ್ರೀರಂಗಪಟ್ಟಣದಲ್ಲಿ ಒಂದು ಸಣ್ಣ ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ. ನಾನು ಅಕ್ಕಿಹೆಬ್ಬಾಳಿನಿಂದ ಸೊಸೆಯಾಗಿ ಬಂದಾಗ ಮೈದುನನಿಗೆ ಹತ್ತು ವರ್ಷ. ಬಂದ ಎರಡನೇ ವರ್ಷಕ್ಕೆ ಅತ್ತೆ ತೀರಿಕೊಂಡರು. ಅಲ್ಲಿಂದ ಅವನ ತಲೆಗೆ ಎಣ್ಣೆ, ಸ್ಕೂಲಿನ ಡಬ್ಬಿ, ಜ್ವರಕ್ಕೆ ಕಷಾಯ ಎಲ್ಲ ನನ್ನದೇ ಆಯಿತು. ಹದಿಮೂರಕ್ಕೆ ಅವನು ಹಿಂದಿನ ಬೀದಿಯ ಗರಡಿಗೆ ಸೇರಿದ. ಈಗ ಇಪ್ಪತ್ತೆಂಟು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಗರಡಿಗೆ ಹೋಗುತ್ತಾನೆ, ಏಳಕ್ಕೆ ಬಂದು ಮಿಲ್ಲು ನೋಡಿಕೊಳ್ಳುತ್ತಾನೆ, ಸಂಜೆ ಮತ್ತೆ ಗರಡಿ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಎಲ್ಲಿ ಕುಸ್ತಿ ಇದ್ದರೂ ಹೋಗಿ ಬಂದಿದ್ದಾನೆ. ಗೆದ್ದದ್ದು ಹೆಚ್ಚು, ಸೋತದ್ದು ಕಮ್ಮಿ. ಸೋತ ದಿನ ನನ್ನ ಹತ್ತಿರ ಬಂದು ಕೂತು ಬದನೆಕಾಯಿ ಹೆಚ್ಚಿಕೊಡುವುದು ಅವನ ಅಭ್ಯಾಸ.

ಈ ಸಲ ರಾಜ್ಯದ ತಂಡಕ್ಕೆ ಆಯ್ಕೆ ಇತ್ತು. ಅದಕ್ಕೆ ಡಾಕ್ಟರ ಫಿಟ್ನೆಸ್ ಪತ್ರ ಬೇಕು. ಶೀತ ಜ್ವರಕ್ಕೂ ಆಸ್ಪತ್ರೆ ಮೆಟ್ಟಿಲು ಹತ್ತದವನು, ಒಂದು ಸಹಿ ತಾನೆ ಅಂತ ಹೋದ. ಇಸಿಜಿಯಲ್ಲಿ ಏನೋ ಗೆರೆ ಸರಿ ಕಾಣಲಿಲ್ಲವಂತೆ. ಮೈಸೂರಿನಲ್ಲಿ ಹೃದಯದ ಡಾಕ್ಟರನ್ನು ನೋಡಿ ಅಂದರು. ಅಲ್ಲಿದ್ದವರು ನನ್ನದೇ ವಯಸ್ಸಿನ ಹೆಣ್ಣುಮಗಳು. ಸ್ಕ್ಯಾನ್ ಮಾಡಿ, ರಕ್ತ ತೆಗೆಸಿ, ನಮ್ಮನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: ಹೃದಯದ ಗೋಡೆ ಸ್ವಲ್ಪ ದಪ್ಪ ಇದೆ, ಪೈಲ್ವಾನರಿಗೆ ಅದು ಇರುವುದೇ. ಆದರೆ ಹೃದಯ ಹೊರಬಿಡುವ ಒಂದು ಹಾರ್ಮೋನು ಮೇಲಿನ ಗೆರೆ ದಾಟಿದೆ.

ಹೃದಯವೂ ಹಾರ್ಮೋನು ಬಿಡುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಕೇಳಿದೆ. ಅವರೂ ನಾಲೆಯ ಬಯಲಿನ ಕಡೆಯವರೇ ಇರಬೇಕು, ಪೆನ್ನು ಕೆಳಗಿಟ್ಟು ನಮಗೆ ತಿಳಿಯುವ ಹಾಗೆ ಹೇಳಿದರು.

"ಗದ್ದೆಗೆ ನೀರು ಹೆಚ್ಚಾಗಿ ಬದು ಒಡೆಯೋ ಹಂಗಾದ್ರೆ ಏನ್ ಮಾಡ್ತೀರಿ?"

"ಕೆಳಗಿನ ತೂಬು ತೆಗೀತೀವಿ," ಅಂದ ಮೈದುನ.

"ಹೃದಯಾನೂ ಅಷ್ಟೇ. ಒತ್ತಡ ಜಾಸ್ತಿ ಆಗಿ ಅದರ ಗೋಡೆ ಎಳೆದ ಹಾಗಾದ್ರೆ ಈ ಹಾರ್ಮೋನು ಬಿಡುತ್ತೆ. ಮೂತ್ರಪಿಂಡಕ್ಕೆ ಹೇಳುತ್ತೆ, ಉಪ್ಪು ನೀರು ಆಚೆ ಕಳಿಸು ಅಂತ. ರಕ್ತನಾಳಕ್ಕೆ ಹೇಳುತ್ತೆ, ಸಡಿಲ ಬಿಡು ಅಂತ. ಕಾಯಿಲೆ ಬಿದ್ದ ಹೃದಯ ದಿನಾಲೂ ಇದನ್ನ ಬಿಡ್ತಾ ಇರುತ್ತೆ. ಚೆನ್ನಾಗಿರೋ ಹೃದಯ ಸುಸ್ತಾದಾಗ ಮಾತ್ರ ಬಿಡುತ್ತೆ, ಒಂದೆರಡು ದಿನದಲ್ಲಿ ಇಳಿಯುತ್ತೆ. ನಿಮ್ಮದು ಯಾವುದು ಅಂತ ಗೊತ್ತಾಗಬೇಕು. ನಿನ್ನೆ ಏನೇನು ಮಾಡಿದ್ರಿ?"

ಮೈದುನ ಲೆಕ್ಕ ಕೊಟ್ಟ. ಐನೂರು ದಂಡ, ಸಾವಿರ ಬಸ್ಕಿ, ಗದೆ, ಮೂರು ಜೋಡಿಯ ಜೊತೆ ಕುಸ್ತಿ. ಜೊತೆಗೆ ತೂಕ ಇಳಿಸಲು ಎರಡು ದಿನದಿಂದ ನೀರು ಅರ್ಧಕ್ಕೆ ಇಳಿಸಿದ್ದ. ಡಾಕ್ಟರು ಬರೆದುಕೊಳ್ಳುತ್ತಾ ಬರೆದುಕೊಳ್ಳುತ್ತಾ ಕೈ ನಿಲ್ಲಿಸಿ ಅವನ ಮುಖ ನೋಡಿದರು.

"ನೀರು ಕಮ್ಮಿ ಮಾಡಿದ್ರೆ ಇನ್ನೊಂದು ಹಾರ್ಮೋನು ಎದ್ದು ಉಪ್ಪು ನೀರು ಹಿಡಿದುಕೋ ಅನ್ನುತ್ತೆ. ಒಂದು ಬಿಡು ಅನ್ನುತ್ತೆ, ಇನ್ನೊಂದು ಹಿಡಿ ಅನ್ನುತ್ತೆ. ನಿಮ್ಮ ಮೈಯೊಳಗೇ ಒಂದು ಕುಸ್ತಿ ಬಿಟ್ಟಿದ್ದೀರಿ. ಮೂರು ದಿನ ಪೂರ್ತಿ ರೆಸ್ಟು. ನೀರು ಸರಿಯಾಗಿ ಕುಡೀರಿ. ನಾಲ್ಕನೇ ದಿನ ಬಂದು ರಕ್ತ ಕೊಡಿ. ಇಳಿದಿದ್ರೆ ಅದು ದಣಿವು, ಸಹಿ ಹಾಕ್ತೀನಿ. ಇಳೀದೇ ಇದ್ರೆ ಕಾಯಿಲೆ ಅಂತಲೇ ಹುಡುಕಬೇಕಾಗುತ್ತೆ."

ಆ ಮೂರು ದಿನ ನಾವು ತಿಳಿದಷ್ಟು ಕಟ್ಟುನಿಟ್ಟಾಗಿ ಇದ್ದೆವು. ಮಿಲ್ಲಿನ ಮೂಟೆಗಳನ್ನು ನಮ್ಮ ಯಜಮಾನರೇ ಎತ್ತಿದರು, ಸೊಂಟ ಹಿಡಿದುಕೊಂಡು ಓಡಾಡಿದರು. ಗರಡಿಯ ಉಸ್ತಾದರ ಮನೆಗೆ ನಾನೇ ಹೋಗಿ, ಮೂರು ದಿನ ದಂಡ, ಬಸ್ಕಿ, ಕುಸ್ತಿ ಯಾವ ಸಾಮೂ ಬೇಡ ಅಂದಿದ್ದಾರೆ ಅಂತ ಹೇಳಿಬಂದೆ. ಅವರು ತಲೆಯಾಡಿಸಿ, "ಆಯ್ತು ಕಣವ್ವ, ಒಂದು ಬಸ್ಕಿನೂ ಒಡ್ಸಾಕಿಲ್ಲ," ಅಂದರು. ಮೈದುನ ಬೆಳಿಗ್ಗೆ ಗರಡಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಆಂಜನೇಯನಿಗೆ ಕೈ ಮುಗಿದು, ಕೂತು ನೋಡಿಕೊಂಡು ಬರುತ್ತಾನೆ ಅಂತ ನಾನೂ ಸುಮ್ಮನಿದ್ದೆ.

ನಾಲ್ಕನೇ ದಿನ ಅಂದರೆ ಬಟ್ಟೆ ನೆನೆಹಾಕಿ ಬಸ್ಸು ಹತ್ತಿದೆ ಅಂದೆನಲ್ಲ, ಅವತ್ತು. ಬೆಳಿಗ್ಗೆ ರಕ್ತ ಕೊಟ್ಟೆವು. ಆಸ್ಪತ್ರೆಯ ಮೆಟ್ಟಿಲ ಪಕ್ಕ ಕೂತು ಎರಡೆರಡು ಬಾಳೆಹಣ್ಣು ತಿಂದೆವು. ಮಧ್ಯಾಹ್ನ ಒಳಗೆ ಕರೆದರು. ಡಾಕ್ಟರು ರಿಪೋರ್ಟನ್ನು ಎರಡು ಸಲ ಓದಿದರು. ಓದುವಾಗಲೇ ನನಗೆ ಗೊತ್ತಾಯಿತು.

"ಇಳಿದಿಲ್ಲ. ಒಂಚೂರು ಏರಿದೆ ಅಂತಲೇ ಹೇಳಬೇಕು. ನಿಜವಾಗ್ಲೂ ರೆಸ್ಟ್ ತಗೊಂಡ್ರಾ?"

"ದೇವರಾಣೆ ಮೇಡಂ, ಒಂದು ದಂಡ ಒಡೆದಿಲ್ಲ," ಅಂದ ಮೈದುನ.

ನಾನೂ ಹೌದು ಅಂದೆ. ಡಾಕ್ಟರು ಕನ್ನಡಕ ತೆಗೆದರು. ಹಾಗಾದರೆ ಸದ್ಯಕ್ಕೆ ಕುಸ್ತಿ ನಿಲ್ಲಿಸಬೇಕು, ಇನ್ನೊಂದು ದೊಡ್ಡ ಸ್ಕ್ಯಾನು ಮಾಡಿಸಬೇಕು, ಗೋಡೆ ದಪ್ಪ ಇರುವುದು ಕಸರತ್ತಿನಿಂದಲೋ ಹುಟ್ಟಿನಿಂದಲೋ ನೋಡಬೇಕು ಅಂದರು. ಹುಟ್ಟಿನಿಂದ ಬಂದದ್ದಾದರೆ ಮತ್ತೆ ಕಣಕ್ಕೆ ಇಳಿಯುವ ಹಾಗಿಲ್ಲ. ಅವರು ಜೋರಾಗಿ ಹೇಳಲಿಲ್ಲ, ಮೆತ್ತಗೇ ಹೇಳಿದರು. ಮೈದುನ "ಸರಿ ಮೇಡಂ" ಅಂತ ಮೂರು ಸಲ ಹೇಳಿದ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ. ಕಾವೇರಿ ದಾಟಿದ ಮೇಲೆ, "ಅತ್ಗೆ, ಅಣ್ಣಂಗೆ ನೀನೇ ಏಳು," ಅಂದ, ಅಷ್ಟೇ.

ಮನೆಗೆ ಬಂದು ಯಾರಿಗೂ ಏನೂ ಹೇಳುವ ಮನಸ್ಸಾಗದೆ ನಾನು ಸೀದಾ ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುತ್ತಾ ಕೂತರೆ ಯಾರೂ ಮಾತಾಡಿಸುವುದಿಲ್ಲ. ಬಕೆಟ್ಟಿಗೆ ಕೈ ಹಾಕಿದೆ. ನೀರು ಕೆಂಪಗಿತ್ತು.

ಗರಡಿ ಮಣ್ಣಿನ ಕೆಂಪು ನನಗೆ ಗೊತ್ತು. ಹದಿನೈದು ವರ್ಷದಿಂದ ಒಗೆಯುತ್ತಿದ್ದೇನೆ. ಅರಿಶಿನ, ಎಣ್ಣೆ, ಮಜ್ಜಿಗೆ ಎಲ್ಲ ಕುಡಿದ ಮಣ್ಣು ಅದು, ಮೂರು ನೀರಿಗೂ ಬಿಡುವುದಿಲ್ಲ. ಮೂರು ದಿನ ಸುಮ್ಮನೆ ಕೂತುಬಂದವನ ಪಂಚೆಯಲ್ಲಿ ಇದು ಎಲ್ಲಿಂದ ಬಂತು? ನನ್ನ ಹತ್ತಿರ ಸುಳ್ಳು ಹೇಳಿ ಕುಸ್ತಿ ಆಡಿದ ಅಂತ ಮೊದಲು ಅನ್ನಿಸಿತು. ದೇವರಾಣೆ ಅಂದನಲ್ಲ, ಡಾಕ್ಟರ ಮುಂದೆ, ನಾನೂ ಜೊತೆಗೆ ಹೌದು ಅಂದೆನಲ್ಲ.

ಪಂಚೆ ಹರಡಿ ನೋಡಿದೆ. ಕುಸ್ತಿ ಆಡಿ ಬಂದ ದಿನ ಮಣ್ಣು ಪಂಚೆಯ ಒಳಮೈಗೆ, ಸೊಂಟದ ಹತ್ತಿರ, ಬೆವರಿನ ಜೊತೆ ಅಂಟಿರುತ್ತದೆ. ಟವೆಲ್ಲು ಪೂರ್ತಿ ಕೆಂಪಾಗಿರುತ್ತದೆ, ಬೆನ್ನು ಒರೆಸಿಕೊಂಡಿರುತ್ತಾನಲ್ಲ. ಇದು ಹಾಗಿರಲಿಲ್ಲ. ಮಣ್ಣು ಮೊಣಕಾಲಿಂದ ಕೆಳಕ್ಕೆ, ಹೊರಮೈಗೆ ಸಿಡಿದಿತ್ತು. ಸೊಂಟದ ಎರಡು ಪಕ್ಕ ಅಂಗೈ ಒರೆಸಿಕೊಂಡ ಗುರುತು. ಟವೆಲ್ಲಿನಲ್ಲಿ ಮಣ್ಣೇ ಇಲ್ಲ, ತಲೆಗೆ ಸುತ್ತಿಕೊಂಡ ಕಡೆ ಬೆವರಿನ ಗೆರೆ. ನಮ್ಮಪ್ಪ ಗದ್ದೆಯಿಂದ ಬಂದಾಗ ಅವರ ಪಂಚೆ ಹೀಗಿರುತ್ತಿತ್ತು.

"ಲೇ, ಬಾ ಇಲ್ಲಿ," ಅಂದೆ.

ಬಂದ. ಪಂಚೆ ತೋರಿಸಿದೆ.

"ಇದೇನ್ಲಾ?"

"ಮಣ್ಣು."

"ಅದು ಕಾಣ್ತದೆ. ಎಲ್ಲಿಂದ ಬಂತು?"

"ಗರಡಿಲಿ ಮಣ್ಣು ಅಗ್ದೆ ಅತ್ಗೆ. ಅದ್ರಲ್ಲೇನು?"

"ಡಾಕ್ಟ್ರಿಗೆ ಯಾಕೆ ಏಳ್ಲಿಲ್ಲ?"

"ಅವರು ರೆಸ್ಟು ತಗೊಂಡ್ರಾ ಅಂತ ಕೇಳಿದ್ರು. ಸಾಮು ಮಾಡಿಲ್ಲ ಅಂದೆ. ಮಣ್ಣು ಅಗೆಯೋದ ಯಾರು ಸಾಮು ಅಂತಾರೆ?"

ಅವನ ಮುಖ ನೋಡಿದೆ. ಸುಳ್ಳಿನ ಮುಖ ನನಗೆ ಗೊತ್ತು, ಹತ್ತು ವರ್ಷದವನಿದ್ದಾಗಿನಿಂದ ನೋಡಿದ್ದೇನೆ. ಇದು ಆ ಮುಖವಲ್ಲ. ಅವನಿಗೆ ನಿಜವಾಗಿಯೂ ಹೊಳೆದಿರಲಿಲ್ಲ.

ಒದ್ದೆ ಕೈಯಲ್ಲೇ ಗರಡಿಗೆ ಹೋದೆ. ಹೆಂಗಸರು ಗರಡಿಯ ಹೊಸ್ತಿಲು ದಾಟುವುದಿಲ್ಲ, ನಾನೂ ದಾಟಿದವಳಲ್ಲ. ಬಾಗಿಲ ಹೊರಗೆ ನಿಂತು ಕೂಗಿದೆ. ಉಸ್ತಾದರು ಎಪ್ಪತ್ತು ದಾಟಿದವರು, ಕಿವಿ ಮುರಿದು ಮುದುರಿಕೊಂಡಿದೆ, ಹಳೆ ಪೈಲ್ವಾನರಿಗೆಲ್ಲ ಇರುವ ಹಾಗೆ. ಬಂದು ಹೊಸ್ತಿಲ ಒಳಗೆ ನಿಂತರು. ಅವರ ಬೆನ್ನ ಹಿಂದೆ ಮಣ್ಣು ಕಾಣುತ್ತಿತ್ತು. ಆಗ ತಾನೇ ಉತ್ತ ಹೊಲದ ಹಾಗೆ ಹೂವಾಗಿ ಬಿದ್ದಿತ್ತು.

"ಉಸ್ತಾದ್ರೆ, ಅವನ ಕೈಲಿ ಮಣ್ಣು ಅಗೆಸಿದ್ರಂತೆ."

"ಅಗೆಸೋದೇನವ್ವ, ಅವನೇ ಅಗ್ದ. ಇವತ್ತು ನೆನ್ನೆ ಬಂದ ಪದ್ಧತಿಯಾ? ಕಣಕ್ಕೆ ಇಳಿಯೋನೇ ಮಣ್ಣು ತಿರುವಾಕ್ಬೇಕು. ನನ್ನ ಕಾಲದಲ್ಲಿ ನಾನು ಅಗ್ದಿವ್ನಿ."

"ಮೂರು ದಿನ ರೆಸ್ಟು ಅಂತ ಹೇಳಿರಲಿಲ್ವಾ ನಾನು?"

"ರೆಸ್ಟು ಅಂತಲೇ ಅಗೆಯಾಕೆ ಬುಟ್ಟಿದ್ದು. ಸಾಮು ಇದ್ದಿದ್ರೆ ಪುರುಸೊತ್ತು ಎಲ್ಲಿರೋದು? ಮೂರು ದಿನಕ್ಕೆ ಮೂರು ಸಲ ತಿರುವಾಕ್ದ. ಮೊಣಕಾಲುದ್ದ. ಏನ್ ಅಗೆತ ಅಂತೀಯ, ನೋಡು, ಮಲ್ಲಿಗೆ ಹೂವಿನಂಗೆ ಬಂದದೆ."

"ಅದು ಕೆಲಸ ಅಲ್ವಾ ಉಸ್ತಾದ್ರೆ?"

"ಸೇವೆ ಕಣವ್ವ ಅದು. ಗುಡಿ ಕಸ ಗುಡ್ಸೋದ ಯಾರಾರ ಕೆಲಸ ಅಂತಾರಾ?"

ಅವರ ಮೇಲೆ ಸಿಟ್ಟು ಮಾಡಲು ಆಗಲಿಲ್ಲ. ನಾನೂ ಅದೇ ತಪ್ಪು ಮಾಡುತ್ತೇನೆ. ಏನು ಕೆಲಸ ಮಾಡಿದೆ ಇವತ್ತು ಅಂತ ಯಾರಾದರೂ ಕೇಳಿದರೆ ಅಡುಗೆಯನ್ನು ಹೇಳುತ್ತೇನೆ, ದೇವರ ಪಾತ್ರೆ ಬೆಳಗಿದ್ದನ್ನು ಹೇಳುವುದಿಲ್ಲ. ಆದರೂ ಒಂದು ಮಾತು ಹೇಳಿಬಂದೆ: "ನೀವು ಒಂದು ಸಲ ಗುದ್ದಲಿ ಹಿಡಿದು ನೋಡಿ. ಆಮೇಲೆ ಎದೆ ಮೇಲೆ ಕೈ ಇಟ್ಕೊಂಡು ಹೇಳಿ, ಅದು ಏನು ಅಂತ."

ಮನೆಗೆ ಬಂದು ಡಾಕ್ಟರಿಗೆ ಫೋನು ಮಾಡಿದೆ. ವಿಷಯ ಕೇಳಿ ಅವರು ನಕ್ಕರೋ ನಿಟ್ಟುಸಿರು ಬಿಟ್ಟರೋ ತಿಳಿಯಲಿಲ್ಲ.

"ದಿನಕ್ಕೆ ಎಷ್ಟು ಹೊತ್ತು ಅಗೆದರು?"

"ಎರಡೂವರೆ ಗಂಟೆ ಅಂತೆ ಮೇಡಂ."

"ಕುಸ್ತಿಗಿಂತ ಅದೇ ಜಾಸ್ತಿ ಆಯ್ತು. ಸರಿ, ಸ್ಕ್ಯಾನು ಆಮೇಲೆ ನೋಡೋಣ. ಹತ್ತು ದಿನ ಬಿಟ್ಟು ಇನ್ನೊಂದು ಸಲ ರಕ್ತ ನೋಡ್ತೀನಿ. ಆದ್ರೆ ಈ ಸಲ ಪಟ್ಟಿ ಕೊಡ್ತೀನಿ, ಬರ್ಕೊಳ್ಳಿ. ಅಗೆಯೋದು, ಎತ್ತೋದು, ತಳ್ಳೋದು, ಹತ್ತೋದು, ಯಾವ ಹೆಸರಿಟ್ಟು ಮಾಡಿದ್ರೂ ಬೇಡ. ನಿಧಾನಕ್ಕೆ ನಡೀಬಹುದು. ಬೆಳಿಗ್ಗೆ ಏಳೋಕೆ ಮುಂಚೆ ನಾಡಿ ಎಣಿಸಿ ಬರೆದಿಡಿ. ಎದೆ ನೋವೋ ತಲೆಸುತ್ತೋ ಬಂದ್ರೆ ಆ ಕ್ಷಣ ಬನ್ನಿ." ಕೊನೆಗೆ ಒಂದು ಮಾತು ಸೇರಿಸಿದರು, "ಇಳಿಯುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ."

ಗರಡಿ ಹಿಂದಿನ ಬೀದಿಯಲ್ಲಿರುವಾಗ, ಮಿಲ್ಲು ಮುಂದಿನ ಬಾಗಿಲಲ್ಲಿರುವಾಗ ಇವನು ಸುಮ್ಮನೆ ಕೂರುವುದು ಆಗದ ಮಾತು. ಅವನನ್ನು ಅಕ್ಕಿಹೆಬ್ಬಾಳಿಗೆ ನಮ್ಮವ್ವನ ಮನೆಗೆ ಕರೆದುಕೊಂಡು ಹೋಗುತ್ತೇನೆ ಅಂದೆ. ಯಜಮಾನರು, "ನನ್ನ ಸೊಂಟ ನೆಟ್ಟಗಿಲ್ಲ, ನನ್ನೂ ಕರ್ಕೊಂಡೋಗು," ಅಂದರು. ಮಿಲ್ಲು ಯಾರು ನೋಡುತ್ತಾರೆ ಅಂದೆ. ಮರುದಿನ ನಾನೂ ಅವನೂ ಮೈಸೂರಿಗೆ ಹೋಗಿ ರೈಲು ಹತ್ತಿ, ಸಂಜೆಯ ಬಿಸಿಲಿರುವಾಗಲೇ ಅಕ್ಕಿಹೆಬ್ಬಾಳಿನ ಸಣ್ಣ ಸ್ಟೇಷನ್ನಿನಲ್ಲಿ ಇಳಿದೆವು. ಬ್ಯಾಗು ನಾನೇ ಹಿಡಿದೆ. ಆರಡಿ ಆಳು ಕೈ ಬೀಸಿಕೊಂಡು ಮುಂದೆ, ಮೊಣಕಾಲು ನೋವಿನ ಹೆಂಗಸು ಎರಡು ಬ್ಯಾಗು ಹೊತ್ತು ಹಿಂದೆ. ನೋಡಿದವರು ಏನಂದುಕೊಂಡರೋ. ಅವನು ಮಾತ್ರ ನಾಚಿಕೆಯಿಂದ ನೆಲ ನೋಡಿಕೊಂಡು ನಡೆದ.

ಅವ್ವನಿಗೆ ಎಲ್ಲ ಹೇಳಿದೆ. ಅವಳು ಅವನ ಎದೆಯ ಮೇಲೆ ಅಂಗೈ ಇಟ್ಟು ನೋಡಿದಳು, ಕರು ಮುಟ್ಟಿ ನೋಡುವ ಹಾಗೆ.

"ಬಡ್ಕೋತಾನೇ ಅದೆ. ಕೂತ್ಕೊ ಮಗ. ಈ ಮನೇಲಿ ಕೂತ್ಕೊಳ್ಳೋರೇ ಇರ್ಲಿಲ್ಲ, ಜಗಲಿ ಬಿಕೋ ಅಂತಿತ್ತು."

ಹತ್ತು ದಿನ ಅಂದರೆ ಬಾಯಲ್ಲಿ ಹೇಳುವುದು ಸುಲಭ. ಮೊದಲನೇ ದಿನವೇ ಬೂಸದ ಮೂಟೆ ಬಂತು, ಇವನ ಕೈ ತಾನಾಗಿಯೇ ಮುಂದೆ ಹೋಯಿತು. ಅವ್ವ ಕೈಯಲ್ಲಿದ್ದ ಕಡ್ಡಿ ಪೊರಕೆಯಿಂದ ಮೊಣಕೈಗೆ ಒಂದು ತಟ್ಟಿದಳು. ಎರಡನೇ ದಿನ ಹಸು ಕೊಟ್ಟಿಗೆಯಿಂದ ತಪ್ಪಿಸಿಕೊಂಡು ಓಡಿತು. ಎಲ್ಲರೂ ಓಡಿದೆವು. ಇವನು ಜಗಲಿಯ ಕಂಬ ತಬ್ಬಿಕೊಂಡು ನಿಂತಿದ್ದ, ಕಂಬ ಕಿತ್ತು ಬರುತ್ತದೇನೋ ಅನ್ನಿಸುವಷ್ಟು ಗಟ್ಟಿಯಾಗಿ. ಪೈಲ್ವಾನರು ಬಂದಿದ್ದಾರೆ ಅಂತ ಊರವರಿಗೆ ತಿಳಿಯಿತು. ಅವ್ವನ ಪಕ್ಕದ ಮನೆಯವರು ಭತ್ತದ ಚೀಲ ಹೊತ್ತು ಹೋಗುತ್ತಾ ಜಗಲಿಯ ಮುಂದೆ ನಿಲ್ಲುವರು.

"ಏನ್ ಪೈಲ್ವಾನ್ರೆ, ಇದಕ್ಕೊಂದು ಕೈ ಕೊಡ್ತೀರಾ?"

"ಎತ್ತಂಗಿಲ್ಲ ಅಂದವ್ರೆ ಡಾಕ್ಟ್ರು."

"ಉಣ್ಣಾಕೆ ಬುಟ್ಟವ್ರಾ?"

"ಉಣ್ಬೋದು."

"ಭಾರಿ ಡಾಕ್ಟ್ರು ಕಣ್ಲಾ. ನಂಗೂ ಒಂದು ಚೀಟಿ ಬರ್ಸ್ಕೊಡು ಅವರ ಕೈಲಿ."

ದಿನಾಲೂ ಇದೇ ಮಾತು, ದಿನಾಲೂ ಹೊಸದೆಂಬಂತೆ ನಗುವರು. ಮೊದಮೊದಲು ಇವನ ಮುಖ ಕೆಂಪಾಗುತ್ತಿತ್ತು. ಐದನೇ ದಿನದ ಹೊತ್ತಿಗೆ ತಾನೇ ಮುಂಚಿತವಾಗಿ, "ಉಣ್ಬೋದು ಅಂದವ್ರೆ, ಬನ್ನಿ," ಅನ್ನತೊಡಗಿದ.

ಅವರೆಕಾಯಿಯ ಕಾಲ. ಅವ್ವ ನೆನೆಹಾಕಿದ ಕಾಳನ್ನು ಮುಂದಿಟ್ಟು, ಹಿತುಕು ಅಂದಳು. ಇದು ಎತ್ತುವುದೂ ಅಲ್ಲ, ಅಗೆಯುವುದೂ ಅಲ್ಲ, ಪಟ್ಟಿಯಲ್ಲಿ ಇಲ್ಲ. ಅವನ ಹೆಬ್ಬೆರಳಿನ ಹಿಡಿತಕ್ಕೆ ಮೊದಲ ಕಾಳು ಸಿಪ್ಪೆಯಿಂದ ಚಿಮ್ಮಿ ಗೋಡೆಗೆ ಹೊಡೆಯಿತು, ಎರಡನೆಯದು ಅವ್ವನ ಹಣೆಗೆ. "ಲೇ, ಕಾಳಿನ ಮೇಲೆ ಪಟ್ಟು ಆಕ್ಬ್ಯಾಡ, ಅದೇನು ನಾಗಮಂಗಲದ ಪೈಲ್ವಾನಾ?" ಅಂದಳು. ಮೂರು ದಿನದಲ್ಲಿ ಅವನು ನಮಗಿಂತ ಮೆತ್ತಗೆ ಹಿತುಕುವುದನ್ನು ಕಲಿತ.

ನಾಡಿ ಎಣಿಸುವ ಕೆಲಸ ನನ್ನದು. ಬೆಳಿಗ್ಗೆ ಅವನು ಕಣ್ಣು ಬಿಡುತ್ತಲೇ ಪಕ್ಕದಲ್ಲಿ ಕೂತು, ಮೊಬೈಲಿನ ಗಡಿಯಾರ ನೋಡುತ್ತಾ ಎಣಿಸಿ, ಹಾಲಿನ ಡೈರಿಯ ಹಳೆಯ ಪಾಸ್‌ಬುಕ್ಕಿನ ಖಾಲಿ ಪುಟದಲ್ಲಿ ಬರೆದೆ. ಮೊದಲ ದಿನ ಐವತ್ತೆಂಟು. ಮೂರನೇ ದಿನ ಐವತ್ತನಾಲ್ಕು. ಆರನೇ ದಿನ ನಲವತ್ತೊಂಬತ್ತು. ಇಳಿಯುವುದು ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗದೆ ಡಾಕ್ಟರಿಗೆ ಫೋನು ಮಾಡಿದೆ. ದಣಿವು ಆರುತ್ತಿರುವ ಪೈಲ್ವಾನನ ನಾಡಿ ಹೀಗೇ ನಿಧಾನವಾಗುತ್ತದೆ, ತಲೆಸುತ್ತು ಇಲ್ಲವಲ್ಲ, ಬರೆಯುತ್ತಾ ಇರಿ ಅಂದರು.

ಏಳನೇ ದಿನ ಸಂಜೆ ಹೇಮಾವತಿಯ ದಡದವರೆಗೆ ನಿಧಾನಕ್ಕೆ ನಡೆದು ಹೋದೆವು. ಹೊಳೆಯಲ್ಲಿ ನೀರು ತೆಳ್ಳಗಿತ್ತು, ಬಂಡೆಗಳು ಮೇಲೆದ್ದಿದ್ದವು. ಒಂದು ಬಂಡೆಯ ಮೇಲೆ ಕೂತೆವು. ಅವನು ಕೇಳಿದ:

"ಅತ್ಗೆ, ಕುಸ್ತಿ ಇಲ್ಲ ಅಂದ್ಬುಟ್ರೆ ಬೆಳಿಗ್ಗೆ ಎದ್ದು ಏನ್ ಮಾಡೋದು ನಾನು?"

"ಮಿಲ್ಲು ಇಲ್ವಾ?"

"ಮಿಲ್ಲು ತೆಗೆಯೋದು ಏಳಕ್ಕೆ. ನಂಗೆ ನಾಲ್ಕಕ್ಕೆ ಎಚ್ಚರ ಆಯ್ತದೆ."

ಏನಾದರೂ ಹೇಳಿ ಸಮಾಧಾನ ಮಾಡಬಹುದಿತ್ತು. ಅವನು ಸೋತು ಬಂದ ದಿನಗಳಲ್ಲಿ ನಾನು ಯಾವತ್ತೂ ಬಿಡು, ಮುಂದಿನ ಸಲ ಗೆಲ್ತೀಯ ಅಂದವಳಲ್ಲ, ಬದನೆಕಾಯಿ ಮುಂದೆ ಸರಿಸಿದವಳು. ಇಲ್ಲಿ ಸರಿಸಲು ಏನೂ ಇರಲಿಲ್ಲ. "ಗೊತ್ತಿಲ್ಲ ಕಣಪ್ಪ," ಅಂದೆ. "ನಾನೂ ನಾಲ್ಕಕ್ಕೆ ಎದ್ದು ಕೂತ್ಕೋತೀನಿ. ಇಬ್ರೂ ಯೋಚನೆ ಮಾಡಾಣ." ಅವನು ನಕ್ಕ. ಬಹಳ ದಿನದ ಮೇಲೆ ನಕ್ಕದ್ದು. ನಾಲ್ಕಕ್ಕೆ ನಾನು ಎದ್ದದ್ದನ್ನು ಅವನು ಯಾವತ್ತೂ ಕಂಡಿಲ್ಲ.

ಎಂಟನೇ ದಿನ ಉಸ್ತಾದರೇ ಬಂದರು. ಎಪ್ಪತ್ತು ದಾಟಿದ ಆಳು ಬಸ್ಸು, ರೈಲು ಹಿಡಿದು, ವಿಳಾಸ ಕೇಳಿಕೊಂಡು, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಅವ್ವನ ಜಗಲಿಯ ಮುಂದೆ ನಿಂತಿದ್ದರು. ಮೈದುನ ಎದ್ದು ಕಾಲಿಗೆ ಬಿದ್ದ. ನೀರು, ಬೆಲ್ಲ ಕೊಟ್ಟೆ. ಸುಮಾರು ಹೊತ್ತು ಊರಿನ ಮಾತು, ಬೆಳೆಯ ಮಾತು ಆಯಿತು. ಆಮೇಲೆ ನನ್ನ ಕಡೆ ತಿರುಗಿದರು.

"ನೀನು ಏಳ್ದಂಗೆ ಗುದ್ದಲಿ ಹಿಡ್ದು ನೋಡ್ದೆ ಕಣವ್ವ."

"ಅಯ್ಯೋ, ನಾನು ಸಿಟ್ಟಿಗೆ ಅಂದಿದ್ದು."

"ಇರ್ಲಿ ಬುಡು. ಇಪ್ಪತ್ತು ಏಟು ಆಕ್ದೆ. ಕೂತ್ಬುಟ್ಟೆ. ಎದೆ ಡಬ ಡಬ ಅಂತ ಕಿವಿಲಿ ಕೇಳ್ತಿತ್ತು. ಸೇವೆ ಅಂತ ಮನಸ್ಸಿಗೆ ಗೊತ್ತಾಯ್ತದೆ. ಎದೆಗೆ ಗೊತ್ತಾಗಾಕಿಲ್ಲ." ಬಾಯಲ್ಲಿದ್ದ ಎಲೆಯಡಿಕೆ ಇನ್ನೊಂದು ದವಡೆಗೆ ಸರಿಸಿದರು. "ನಲವತ್ತು ವರ್ಷದಿಂದ ಪೈಲ್ವಾನ್ರ ಕೈಲಿ ಅಗೆಸ್ತಾ ಇವ್ನಿ. ಕುಸ್ತಿಗೆ ಮುಂಚೆ ಅವರು ದಣೀತಾ ಇದ್ರು ಅಂತ ಯಾರೂ ಏಳ್ಲಿಲ್ಲ ನಂಗೆ. ನಂಗೂ ಯಾರೂ ಏಳಿರ್ಲಿಲ್ಲ, ನಾನು ಅಗೆಯುವಾಗ."

"ಅಂಗಲ್ಲ ಉಸ್ತಾದ್ರೆ," ಅಂದ ಮೈದುನ.

"ನೀನು ಸುಮ್ಕಿರು. ಇನ್ಮುಂದೆ ಕಣಕ್ಕೆ ಇಳಿಯೋನು ಮೊದಲ ಏಟು ಒಂದು ಆಕ್ಲಿ. ಮಿಕ್ಕಿದ್ದು ಮಿಕ್ಕೋರು ಅಗೀತಾರೆ, ಸರದಿ ಮೇಲೆ. ಎಲ್ರಿಗೂ ಏಳಿವ್ನಿ. ಗೊಣಗ್ತಾವ್ರೆ, ಗೊಣಗ್ಲಿ."

ಊಟ ಮಾಡಿಕೊಂಡು ಹೋಗಿ ಅಂದರೆ, ಫಲಿತಾಂಶ ಬಂದ ಮೇಲೆ ನಿಮ್ಮ ಮನೆಗೇ ಬಂದು ಉಣ್ಣುತ್ತೇನೆ ಅಂದರು. ಯಾವ ಫಲಿತಾಂಶ ಬಂದರೂ, ಅಂತ ಸೇರಿಸಿದರು. ಅವ್ವ ಅವರಿಗೆ ಒಂದು ಚೀಲ ಅವರೆಕಾಯಿ ಹಿಡಿಸಿ ಕಳಿಸಿದಳು.

ಹನ್ನೊಂದನೇ ದಿನ ಬೆಳಗಿನ ರೈಲಿಗೆ ಮೈಸೂರಿಗೆ ಬಂದು ರಕ್ತ ಕೊಟ್ಟೆವು. ನಾಡಿಯ ಪುಟ ಡಾಕ್ಟರ ಮುಂದಿಟ್ಟೆ. ಅವರು ನನ್ನ ಅಕ್ಷರ ಓದುತ್ತಾ ಓದುತ್ತಾ ಒಂದು ಕಡೆ ನಿಂತರು. ಏಳನೇ ದಿನದ ಎದುರಿಗೆ ನಾನು "ಹೊಳೆಗೆ ಹೋದೆವು, ನಕ್ಕ" ಅಂತ ಬರೆದಿದ್ದೆ. ಇನ್ನೊಂದು ಸಲ ಎದೆಯ ಸ್ಕ್ಯಾನು ಮಾಡಿ, ಪರದೆಯಲ್ಲಿ ಹೃದಯ ತೆರೆದು ಮುಚ್ಚುವುದನ್ನು ನಮಗೂ ತೋರಿಸಿದರು. ಗೋಡೆ ದಪ್ಪ ಇದೆ, ಆದರೆ ಒಳಗಿನ ಜಾಗವೂ ಅಗಲವಾಗಿದೆ, ಚೆನ್ನಾಗಿ ಸಡಿಲವಾಗಿ ತುಂಬಿಕೊಳ್ಳುತ್ತಿದೆ, ಇದು ದುಡಿದು ಬೆಳೆದ ಹೃದಯದ ಗುರುತು ಅಂದರು. ಆದರೂ ರಕ್ತದ ರಿಪೋರ್ಟು ಬರಲಿ ಅಂದರು.

ಹೊರಗೆ ಬೆಂಚಿನ ಮೇಲೆ ಕಾದೆವು. ಮೈದುನ ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಹತ್ತು ದಿನದಲ್ಲಿ ಗುದ್ದಲಿಯ ಗುಳ್ಳೆ ಒಣಗಿ ಸಿಪ್ಪೆ ಏಳುತ್ತಿತ್ತು. ನಾನು ಸೆರಗಿನ ಅಂಚಿನ ಒಂದು ದಾರ ಎಳೆಯುತ್ತಾ ಒಂದು ಗೇಣು ಎಳೆದುಬಿಟ್ಟಿದ್ದೆ.

ಒಳಗೆ ಕರೆದಾಗ ಡಾಕ್ಟರು ರಿಪೋರ್ಟನ್ನು ಒಂದೇ ಸಲ ಓದಿದರು.

"ಇಳಿದಿದೆ. ಚೆನ್ನಾಗೇ ಇಳಿದಿದೆ, ಗೆರೆಯ ಒಳಗೆ ಬಂದಿದೆ. ದಣಿವೇ ಅದು."

ಮೈದುನ "ಸರಿ ಮೇಡಂ" ಅಂದ. ಮೂಗು ಉಜ್ಜಿಕೊಂಡ.

ಅವರು ಸಹಿ ಹಾಕುತ್ತಲೇ ಷರತ್ತು ಹೇಳಿದರು. ಜೋರು ಸಾಮು ಮಾಡಿದ ಮರುದಿನ ಹಗುರ ಇರಬೇಕು. ವಾರಕ್ಕೊಂದು ದಿನ ಏನೂ ಇಲ್ಲ. ತೂಕಕ್ಕೆ ಅಂತ ನೀರು ಬಿಡುವ ಹಾಗಿಲ್ಲ, ಬೇಕಾದರೆ ತೂಕದ ವರ್ಗವನ್ನೇ ಬದಲಿಸಿ. ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ತಲೆಸುತ್ತಿ ಬಿದ್ದರೆ ಆ ದಿನದಿಂದಲೇ ಕುಸ್ತಿ ಬಂದ್.

"ಮಣ್ಣು ಅಗೀಬೋದಾ ಮೇಡಂ?"

"ಅಗೀರಿ. ಅಗೆದ ದಿನ ಅದನ್ನ ಸಾಮು ಅಂತ ಬರೀರಿ."

ಇದನ್ನು ಬರೆಯುವ ಹೊತ್ತಿಗೆ ಆಯ್ಕೆಗೆ ಇನ್ನೂ ಮೂರು ವಾರ ಇದೆ. ಹತ್ತು ದಿನ ಕೂತದ್ದರಿಂದ ಹಿಂದೆ ಬಿದ್ದಿದ್ದೇನೆ ಅಂತ ಅವನು, ಕೂತದ್ದರಿಂದಲೇ ಕಾಲು ಹಗುರವಾಗಿದೆ ಅಂತ ಉಸ್ತಾದರು. ಒಂದು ವರ್ಗ ಮೇಲಿನ ತೂಕಕ್ಕೆ ಹೆಸರು ಕೊಟ್ಟಿದ್ದಾನೆ. ಅಲ್ಲಿರುವವರು ಇವನಿಗಿಂತ ದಪ್ಪ. ಗೆಲ್ಲುತ್ತಾನೋ ಇಲ್ಲವೋ, ಗೊತ್ತಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೋಗುತ್ತಾನೆ, ಅದು ಗೊತ್ತು. ಭಾನುವಾರ ನಾಲ್ಕಕ್ಕೆ ಎದ್ದು, ಹೋಗುವ ಹಾಗಿಲ್ಲವಲ್ಲ ಅಂತ ಹಿತ್ತಲಲ್ಲಿ ಕೂತು ಆಕಾಶ ನೋಡುತ್ತಾನೆ. ನಾನು ಎದ್ದಿಲ್ಲ ಇನ್ನೂ ಒಂದು ಸಲವೂ.

ಸಹಿಯಾದ ಆ ದಿನ ಮೈಸೂರಿನಿಂದ ಮನೆಗೆ ಬಂದಾಗ ಮಧ್ಯಾಹ್ನ ಎರಡು ದಾಟಿತ್ತು. ಉಸ್ತಾದರು ಹೇಳಿದ ಹಾಗೆ ಬಂದು ಮಿಲ್ಲಿನ ಮೂಟೆಯ ಮೇಲೆ ಕೂತಿದ್ದರು, ಯಜಮಾನರು ಬಿಸಿನೀರಿನ ಚೀಲ ಸೊಂಟಕ್ಕೆ ಕಟ್ಟಿಕೊಂಡು ಅವರಿಗೆ ಕಾಫಿ ಕೊಟ್ಟಿದ್ದರು. ಮೈದುನ ಪತ್ರವನ್ನು ಉಸ್ತಾದರ ಕೈಗಿಟ್ಟ. ಅವರು ಇಂಗ್ಲಿಷ್ ಓದಲು ಬಾರದವರು, ಸಹಿಯನ್ನು ಮಾತ್ರ ಬೆರಳಿನಿಂದ ಮುಟ್ಟಿ ನೋಡಿ ಮಡಿಸಿ ಕೊಟ್ಟರು. ಒಂದು ಗಂಟೆಯೊಳಗೆ ಅಡುಗೆ ಮಾಡಿದೆ. ಸಬ್ಬಕ್ಕಿ ಸೊಪ್ಪು ಹಾಕಿ ಬಸ್ಸಾರು, ಬಸಿದ ಕಾಳು ಸೊಪ್ಪಿಗೆ ಕಾಯಿ ತುರಿದು ಒಗ್ಗರಣೆ, ಬಿಸಿ ಮುದ್ದೆ, ಬೇಯಿಸಿದ ಮೊಟ್ಟೆ, ಅನ್ನ, ಮಜ್ಜಿಗೆ. ಮೈದುನ ಎರಡೂವರೆ ಮುದ್ದೆ ಉಂಡ, ಉಸ್ತಾದರು ಒಂದು, ಯಜಮಾನರು ಒಂದೂವರೆ. ನಾನು ಕೊನೆಗೆ ಕೂತು ಒಂದು ಮುದ್ದೆಯಲ್ಲಿ ಅರ್ಧ ಉಂಡೆ, ಮಿಕ್ಕದ್ದು ಸೇರಲಿಲ್ಲ. ಗಂಡಸರು ಮೂವರೂ ಜಗಲಿಯಲ್ಲಿ ಚಾಪೆ ಹಾಸಿಕೊಂಡರು, ಇನ್ನೇನು ಗೊರಕೆ ಶುರುವಾಗುತ್ತದೆ ಅಂದುಕೊಂಡು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟು ಗೋಡೆಗೆ ಒರಗಿದೆ. ಮೊದಲು ನಿದ್ದೆ ಹೋದವಳು ನಾನಂತೆ. ಎಚ್ಚರವಾದಾಗ ತಟ್ಟೆಗಳನ್ನು ಯಾರೋ ತೊಳೆದಿಟ್ಟಿದ್ದರು.